ಪದಚರ್ಚೆ: ‘ವೆರಿ ಸ್ಮಾಲ್ ಎಂಟಿಟಿ’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಐಎಸ್ಒ/ಐಇಸಿ 29110 ಎಂಬ ಅಂತರರಾಷ್ಟ್ರೀಯ ಮಾನದಂಡ ಸರಣಿಯಲ್ಲಿ, ಹಲವು ಭಾಗಗಳನ್ನು ಜೋಡಿಸಿ ಒಂದು ಇಡೀ ವ್ಯವಸ್ಥೆಯನ್ನು ಕಟ್ಟುವ ಸಿಸ್ಟಮ್ಸ್ ಎಂಜಿನಿಯರಿಂಗ್‌ಗೆಂದೇ 2014ರಲ್ಲಿ ಒಂದು ಕೈಪಿಡಿ ಬಂದಿದೆ. ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಹತ್ತು ಹದಿನೈದು ಜನ ಸೇರಿ ಕಂಟ್ರೋಲ್ ಪ್ಯಾನೆಲ್ ಮಾಡುವವರೂ ಓದಿಕೊಳ್ಳಬಹುದಾದ ರೀತಿಯಲ್ಲಿ ಅದರ ಸಾರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದೇ ಕ್ಷೇತ್ರದ ವಿಸ್ತಾರವಾದ ಐಎಸ್ಒ/ಐಇಸಿ 15288 ಮಾನದಂಡದಿಂದ ಸಣ್ಣವರಿಗೆ ಬೇಕಾದಷ್ಟನ್ನು ಹೆಕ್ಕಿ, ಯೋಜನಾ ನಿರ್ವಹಣೆ ಒಂದು, ವ್ಯವಸ್ಥೆಯನ್ನು ನಿರೂಪಿಸಿ ಕಟ್ಟುವುದು ಇನ್ನೊಂದು ಎಂದು ಎರಡೇ ಪ್ರಕ್ರಿಯೆಗಳಲ್ಲಿ ಅದು ಎಲ್ಲವನ್ನೂ ಹೇಳುತ್ತದೆ. (‘ಭಾರತೀಯ ಮಾನಕ ಬ್ಯೂರೊ’ ಎಂಬ ಹೆಸರಿನಲ್ಲಿ ‘ಮಾನಕ’ ಇದ್ದರೂ, ಪತ್ರಿಕೆಗಳಲ್ಲಿ ಬೇರೂರಿರುವ ‘ಮಾನದಂಡ’ವನ್ನೇ ಉಳಿಸಿಕೊಂಡಿದ್ದೇನೆ.)

ತೊಡಕು ಹೆಸರಿನಿಂದಲೇ ಶುರುವಾಗುತ್ತದೆ. ಈ ಸರಣಿ ಯಾರಿಗಾಗಿ ಇದೆಯೋ ಅವರನ್ನು ಅದು ‘ವೆರಿ ಸ್ಮಾಲ್ ಎಂಟಿಟಿ’ ಎಂದು ಕರೆಯುತ್ತದೆ: ಗರಿಷ್ಠ 25 ಜನರಿರುವ ಉದ್ಯಮ, ಸಂಘಟನೆ, ಇಲಾಖೆ ಅಥವಾ ಯೋಜನೆ. ‘ಸೂಕ್ಷ್ಮ ಉದ್ಯಮ’ ಎಂದುಬಿಡಬಹುದಲ್ಲ ಎಂದು ಕೆಲವರು ಸೂಚಿಸಿದರು. ಇದನ್ನು ನಾನು ಖಂಡಿತ ಒಪ್ಪಲಾರೆ. ನಮ್ಮಲ್ಲಿ ಸೂಕ್ಷ್ಮ, ಸಣ್ಣ, ಮಧ್ಯಮ ಎಂಬುವು ಕಾನೂನಿನ ವರ್ಗಗಳು. ಅವನ್ನು ಅಳೆಯುವುದು ಬಂಡವಾಳ ಮತ್ತು ವಹಿವಾಟಿನಿಂದ. 2025ರ ಏಪ್ರಿಲ್‌ನಿಂದ ಸೂಕ್ಷ್ಮ ಉದ್ಯಮದ ಮಿತಿ ಎರಡೂವರೆ ಕೋಟಿ ರೂಪಾಯಿ ಹೂಡಿಕೆ, ಹತ್ತು ಕೋಟಿ ರೂಪಾಯಿ ವಹಿವಾಟು. ಮಾನದಂಡ ಎಣಿಸುವುದು ತಲೆಗಳನ್ನು. ಸಾವಿರಾರು ನೌಕರರ ಕಾರ್ಖಾನೆಯೊಳಗಿನ ಇಪ್ಪತ್ತು ಜನರ ವಿನ್ಯಾಸ ವಿಭಾಗವೂ ಅದರ ಲೆಕ್ಕದಲ್ಲಿ ಬರುತ್ತದೆ.

‘ಕಿರುಘಟಕ’ ಎನ್ನೋಣವೆಂದರೆ, ವ್ಯವಸ್ಥೆಯ ಬಿಡಿಭಾಗಗಳಿಗೆ ‘ಘಟಕ’ ಬೇಕೇ ಬೇಕು. ‘ಘಟಕದ ಘಟಕಗಳು’ ಎಂದು ಬರೆದರೆ ಓದುವವರ ಗತಿಯೇನು? ‘ಕಿರುತಂಡ’ ಕಿವಿಗೆ ಹಿತವಾಗಿದೆ. ಆದರೆ ಇದೇ ಸರಣಿಯ ಮೂಲ ಹಂತವು ‘ಒಂದು ಉತ್ಪನ್ನ, ಅದರ ಮೇಲೆ ಕೆಲಸ ಮಾಡುವ ಒಂದು ತಂಡ’ ಎಂದು ಬೇರೆಯಾಗಿ ಹೇಳುವುದರಿಂದ ‘ತಂಡ’ವೂ ಕೈತಪ್ಪುತ್ತದೆ. ಸದ್ಯಕ್ಕೆ ‘ಕಿರುಸಂಸ್ಥೆ’ ಎಂದು ಬರೆದು, ಇಲಾಖೆ ಮತ್ತು ಯೋಜನೆಗಳೂ ಇದರಲ್ಲಿ ಸೇರುತ್ತವೆ ಎಂದು ಮೊದಲ ಪುಟದಲ್ಲೇ ವಿವರಿಸಿದ್ದೇನೆ. ‘ಕಿರುಚಿತ್ರ’ವನ್ನು ಒಪ್ಪಿಕೊಂಡ ಮೇಲೆ ಇದಕ್ಕೆ ಅರಿಸಮಾಸದ (ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿದ್ದರ) ಆಕ್ಷೇಪ ಏಳಲಾರದು. ಇಲಾಖೆಯನ್ನು ಸಂಸ್ಥೆ ಎನ್ನುವುದು ಮಾತ್ರ ಇನ್ನೂ ಕೊರೆಯುತ್ತಿದೆ.

ಎರಡನೆಯದು ಇದಕ್ಕಿಂತ ಮುಖ್ಯ: ‘ವೆರಿಫಿಕೇಶನ್’ ಮತ್ತು ‘ವ್ಯಾಲಿಡೇಶನ್’. ನಿಘಂಟುಗಳಲ್ಲಿ ಪರಿಶೀಲನೆ, ದೃಢೀಕರಣ, ಸಿಂಧುತ್ವ ಎಲ್ಲವೂ ಸಿಗುತ್ತವೆ. ‘ಸಿಂಧುತ್ವ’ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಜಾತಿ ಸಿಂಧುತ್ವ ಪ್ರಮಾಣಪತ್ರ. ಉಳಿದೆರಡರಲ್ಲಿ ಯಾವುದು ಯಾವುದಕ್ಕೆ ಎಂಬುದು ಪದದಿಂದ ಹೊಳೆಯುವುದಿಲ್ಲ. ಕೊಳವೆಬಾವಿಯ ಪಂಪಿಗೆ ಒಂದು ಪ್ಯಾನೆಲ್ ಮಾಡುತ್ತಿದ್ದೇವೆ ಎಂದುಕೊಳ್ಳಿ. ನೀರು ನಿಂತ ಐದು ಸೆಕೆಂಡಿನೊಳಗೆ ಮೋಟಾರ್ ಆಫ್ ಆಗಬೇಕೆಂದು ನಾವೇ ಬರೆದುಕೊಂಡಿದ್ದೇವೆ. ಬೆಂಚಿನ ಮೇಲಿಟ್ಟು ಅಳೆದರೆ ನಾಲ್ಕೇ ಸೆಕೆಂಡಿಗೆ ಆಫ್ ಆಗುತ್ತದೆ. ಇದು ವೆರಿಫಿಕೇಶನ್. ಅದೇ ಪ್ಯಾನೆಲ್ ತೋಟಕ್ಕೆ ಹೋಗುತ್ತದೆ. ಮಧ್ಯರಾತ್ರಿ ತ್ರೀ ಫೇಸ್ ಬಂದಾಗ ಅದು ತಾನೇ ಚಾಲೂ ಆಗದೆ, ರೈತ ಎದ್ದು ಹೋಗಿ ಗುಂಡಿ ಒತ್ತಬೇಕಾಗುತ್ತದೆ. ಬರೆದುಕೊಂಡದ್ದೆಲ್ಲ ಸರಿಯಿದ್ದರೂ ಬೇಕಾದದ್ದು ಸಿಗಲಿಲ್ಲ. ಇದನ್ನು ಹಿಡಿಯಬೇಕಾದದ್ದು ವ್ಯಾಲಿಡೇಶನ್. ಶೆಡ್ಡುಗಳಲ್ಲಿ ಎರಡಕ್ಕೂ ‘ಟೆಸ್ಟಿಂಗ್’ ಎಂಬ ಒಂದೇ ಮಾತು ನಡೆಯುತ್ತದೆ. ಬೆಂಚಿನ ಮೇಲೆ ಪಾಸಾದರೆ ಕೆಲಸ ಮುಗಿಯಿತು ಎಂದುಕೊಳ್ಳಲು ಈ ಬೆರಕೆಯೂ ಒಂದು ಕಾರಣ ಎಂಬುದು ನನ್ನ ಬಲವಾದ ಅನಿಸಿಕೆ.

ಮೊದಲನೆಯದಕ್ಕೆ ‘ತಾಳೆ ಪರೀಕ್ಷೆ’, ಎರಡನೆಯದಕ್ಕೆ ‘ಬಳಕೆ ಪರೀಕ್ಷೆ’ ಎಂದು ಬರೆಯುತ್ತಿದ್ದೇನೆ. ಲೆಕ್ಕ ತಾಳೆ ನೋಡುವುದು ಎಲ್ಲರಿಗೂ ಗೊತ್ತಿರುವುದರಿಂದ ‘ತಾಳೆ’ಯ ಬಗ್ಗೆ ನನಗೆ ಅನುಮಾನವಿಲ್ಲ. ‘ಬಳಕೆ ಪರೀಕ್ಷೆ’ ಎಂದರೆ ಮಾರಾಟವಾದ ಮೇಲೆ ನಡೆಯುವ ಪರೀಕ್ಷೆ ಎಂಬ ಅರ್ಥ ಬರುತ್ತದೆಯೇ? ವ್ಯಾಲಿಡೇಶನ್ ಅದಕ್ಕೂ ಮೊದಲೇ ಆಗಬೇಕು. ‘ಒರೆಗೆ ಹಚ್ಚುವುದು’ ಎಂದರೆ ಅಂದವೇನೋ ಹೌದು, ಆದರೆ ಫಾರಂನ ಕಾಲಂ ಶೀರ್ಷಿಕೆಯಾಗಿ ನಿಲ್ಲುವುದಿಲ್ಲ.

ಕಾರ್ಖಾನೆಗಳಲ್ಲಿ ಗುಣಮಟ್ಟ ವಿಭಾಗದಲ್ಲಿ ದುಡಿದವರು, ಪಾಲಿಟೆಕ್ನಿಕ್‌ಗಳಲ್ಲಿ ಕನ್ನಡದಲ್ಲಿ ಪಾಠ ಹೇಳುವವರು ಈ ಎರಡಕ್ಕೆ ಬೇರೆ ಬೇರೆ ಮಾತು ಬಳಸುವುದನ್ನು ಕೇಳಿದ್ದರೆ, ಅದು ಎಷ್ಟೇ ಒರಟಾಗಿದ್ದರೂ ಸರಿ, ದಯವಿಟ್ಟು ತಿಳಿಸಿ.