ಎಸಿ ಬರೇ ನೋಡಾಕ ಬಂದ್ರೂ ರೊಕ್ಕ ಕೊಡಬೇಕೇನ್ರಿ?

ಪ್ರಶ್ನೆ (ರಾಯಚೂರು): ಒಂದೂವರೆ ಟನ್ ಸ್ಪ್ಲಿಟ್ ಎಸಿ. ಗಾಳಿ ಬರ್ತದ, ತಂಪಿಲ್ಲ. ಖರ್ಚೆಷ್ಟು ಅಂತ ಹೇಳಾಕೇ ವಿಸಿಟಿಂಗ್ ಚಾರ್ಜ್ ಕೇಳ್ತಾರ. ಇದು ಸರೀನಾ?

ಉತ್ತರ 1: ಹೊಸ ಎಸಿ ಕೂಡಿಸೋದು, ಪೇಂಟಿಂಗ್ ಇದ್ರ ಟೇಪ್ ಹಿಡಿದು ಅಳತಿ ತಗೊಂಡ್ರ ಮುಗೀತು, ಅದಕ್ಕ ಕೇಳಬಾರದು. ದೋಷ ಹುಡುಕೋದು ಬ್ಯಾರೆ ಕೆಲಸ. ಹೊರಗಿನ ಯುನಿಟ್ ಬಿಚ್ಚಿ, ಕೆಪಾಸಿಟರ್ (ಗ್ಯಾಸ್ ಒತ್ತೋ ಕಂಪ್ರೆಸರ್ ಚಾಲೂ ಆಗಾಕ ಬೇಕಾದ ಬಿಡಿಭಾಗ) ಡಿಸ್ಚಾರ್ಜ್ ಮಾಡಿ, ಅಂದ್ರ ಅದರಾಗ ಉಳಿದ ಕರೆಂಟ್ ತೆಗೆದು, ಮೀಟರ್ ಹಚ್ಚಬೇಕು. ಕೆಪಾಸಿಟರ್ ಮ್ಯಾಲೆ 50 ಮೈಕ್ರೋಫ್ಯಾರಡ್ (ಅದರ ಶಕ್ತಿಯ ಅಳತಿ) ಅಂತ ಬರೆದು ಮೀಟರ್ 38 ತೋರಿಸಿದ್ರ ಕಂಪ್ರೆಸರ್ ಗುಂಯ್ ಅಂದು ನಿಂತುಬಿಡ್ತದ. ಕೆಪಾಸಿಟರ್ ಬದಲಿಸೋದು ಸಣ್ಣ ಖರ್ಚು. ಕೆಪಾಸಿಟರ್ ಚಲೋ ಇದ್ರ ಮುಂದ ಗ್ಯಾಸ್ ಪ್ರೆಷರ್ ನೋಡಬೇಕು, ಸೋರಿಕೆ ಹುಡುಕಾಕ ಫ್ಲೇರ್ ನಟ್‌ಗೆ (ಪೈಪ್ ಜೋಡಿಸೋ ನಟ್) ಸೋಪಿನ ನೀರು ಹಚ್ಚಬೇಕು. ಇಷ್ಟಕ್ಕ ಕೂಲಿ ಬ್ಯಾಡೇನ್ರಿ?

ಉತ್ತರ 2: ಕೊಡ್ರಿ, ಆದ್ರ ರಿಪೇರಿ ಮಾಡಿಸಿದ್ರ ಬಿಲ್‌ನಾಗ ಕಳೀತೀರೇನು ಅಂತ ಫೋನಿನಾಗೇ ಕೇಳ್ರಿ. ಪುಕ್ಕಟೆ ಬರೋರು ಬಂದ ಕೂಡ್ಲೇ ‘ಗ್ಯಾಸ್ ಖಾಲಿ’ ಅಂದ್ರ ಹುಷಾರು. ಗ್ಯಾಸ್ ತಾನಾಗೇ ಖಾಲಿ ಆಗಂಗಿಲ್ಲ, ಸೋರ್ತದ. ಸೋರಿಕೆ ಮುಚ್ಚಿ, ವ್ಯಾಕ್ಯೂಮ್ ಎಳೆದು (ಪೈಪಿನಾಗಿನ ಗಾಳಿ ಪಂಪಿನಿಂದ ತೆಗೆದು), ಯುನಿಟ್ ಮ್ಯಾಲಿನ ಪ್ಲೇಟ್‌ನಾಗ ಬರೆದಷ್ಟೇ ತೂಕ ಮಾಡಿ ತುಂಬಬೇಕು.

ಉತ್ತರ 3: ಕರಿಯೋಕಿಂತ ಮೊದಲು ಫಿಲ್ಟರ್ ತೊಳೀರಿ. ರೈಸ್ ಮಿಲ್ ಕಡೆ ಮನಿ ಇದ್ರ ಹೊರಗಿನ ಕಾಯಿಲ್‌ನಾಗ ಹೊಟ್ಟಿನ ಧೂಳು ಕೂತಿರ್ತದ, ಅದನ್ನೂ ನೋಡ್ರಿ.