ಸ್ಕೈರಿಮ್ ಗೇಮ್: ಪೀಪಾಯಿಯಲ್ಲಿ ಇಟ್ಟ ಸಾಮಾನೆಲ್ಲ ಮಾಯ

ಗುಹೆಹುಳ:
ಭಾರ ಜಾಸ್ತಿಯಾಗಿ ಓಡಲು ಆಗುತ್ತಿರಲಿಲ್ಲ. ಅದಕ್ಕೆ ದರೋಡೆಕೋರರ ಗುಹೆಯೊಂದನ್ನು ಖಾಲಿ ಮಾಡಿ, ಅಲ್ಲೇ ಪೀಪಾಯಿಯಲ್ಲಿ ಡ್ರಾಗನ್ ಮೂಳೆ, ಮಂತ್ರ ಹಾಕಿದ ಕತ್ತಿ ಎಲ್ಲ ಇಟ್ಟಿದ್ದೆ. ಈಗ ಹೋದರೆ ಪೀಪಾಯಿಯಲ್ಲಿ ಎರಡು ಆಲೂಗಡ್ಡೆ! ಸತ್ತ ದರೋಡೆಕೋರರೂ ಎದ್ದು ಕೂತಿದ್ದಾರೆ. ಮಾಡ್ (ಗೇಮನ್ನು ಬದಲಿಸಲು ಬೇರೆಯವರು ಮಾಡಿದ ಫೈಲ್) ಒಂದೂ ಹಾಕಿಲ್ಲ. ಸೇವ್ ಫೈಲ್ ಕೆಟ್ಟಿದೆಯಾ?

ಸುಮ್ನೆ_ಆಡುವವ:
ಗೇಮ್ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿ.

ಹಳೇ ಡ್ರಾಗನ್:
ಅದೇನೂ ಬೇಡ, ಸುಮ್ನೆ ಡೌನ್‌ಲೋಡ್ ದಂಡ. ಸತ್ತವರು ಎದ್ದಿದ್ದಾರೆ ಅಂದಿರಲ್ಲ, ಉತ್ತರ ಅಲ್ಲೇ ಇದೆ. ಆ ಗುಹೆ ರೀಸೆಟ್ ಆಗಿದೆ.

ಈ ಗೇಮಿನ ಲೋಕ ಸಣ್ಣ ತುಂಡುಗಳಾಗಿ, ಅಂದರೆ ಸೆಲ್‌ಗಳಾಗಿ ಹಂಚಿಹೋಗಿದೆ. ಒಂದು ಗುಹೆಯ ಒಳಗು ಅಂದರೆ ಒಂದು ಅಥವಾ ಕೆಲವು ಸೆಲ್. ನೀವು ಬದಲಿಸಿದ್ದನ್ನು ಮಾತ್ರ ಸೇವ್ ಫೈಲ್ ಬರೆದಿಡುತ್ತದೆ. ಎಲ್ಲವನ್ನೂ ಕೊನೆತನಕ ಇಟ್ಟುಕೊಂಡರೆ ಫೈಲ್ ಊದುತ್ತಲೇ ಹೋಗುತ್ತದೆ, ಅಲ್ವಾ? ಹಾಗಾಗಿ ನೀವು ಬಹಳ ಕಾಲ ಕಾಲಿಡದ ಜಾಗವನ್ನು ಮೊದಲಿದ್ದಂತೆ ಮಾಡಿಬಿಡುತ್ತದೆ. ಮಾಮೂಲಿ ಜಾಗಕ್ಕೆ ಗೇಮಿನ 10 ದಿನ, ‘ಕ್ಲಿಯರ್ಡ್’ ಅಂತ ಗುರುತು ಬಿದ್ದ ಜಾಗಕ್ಕೆ 30 ದಿನ. ಗೇಮಿನ ಒಂದು ದಿನ ಅಂದರೆ ನಮ್ಮ 72 ನಿಮಿಷ. ನಿದ್ದೆ, ಕಾಯುವುದು, ಫಾಸ್ಟ್ ಟ್ರಾವೆಲ್ (ನಕ್ಷೆಯಲ್ಲಿ ಜಾಗ ಆರಿಸಿ ಥಟ್ಟನೆ ಅಲ್ಲಿಗೆ ಹೋಗುವುದು) ಎಲ್ಲ ಸೇರಿ 30 ದಿನ ಹೋಗುವುದು ಗೊತ್ತೇ ಆಗುವುದಿಲ್ಲ.

ಗಡುವಿನ ಒಳಗೆ ಮಾಡಿದ ಹಳೆಯ ಸೇವ್ ಇದ್ದರೆ ಲೋಡ್ ಮಾಡಿ, ನೇರ ಗುಹೆಗೆ ಹೋಗಿ. ಗಡುವು ಮುಗಿದ ಮೇಲಿನ ಸೇವ್ ಆದರೆ ಬಾಗಿಲ ಹೊರಗೆ ನಿಂತಿದ್ದರೂ ಪ್ರಯೋಜನ ಇಲ್ಲ. ಪಿಸಿಯಲ್ಲಿ ಟೈಪ್ ಮಾಡುವ ಕನ್ಸೋಲ್ ಕಮಾಂಡ್‌ನಿಂದ ಡ್ರಾಗನ್ ಮೂಳೆ ತರಿಸಿಕೊಳ್ಳಬಹುದು. ನೀವೇ ಮಂತ್ರ ಹಾಕಿದ ಕತ್ತಿ ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಗುಹೆಹುಳ:
ಹಳೆಯ ಸೇವ್ ಒಂದು ಸಿಕ್ಕಿತು. ಕತ್ತಿ, ಮೂಳೆ ಎಲ್ಲ ಇವೆ ಸರ್! ಇನ್ನು ಇವನ್ನು ಎಲ್ಲಿ ಇಡಲಿ? ಸತ್ತವನ ಹೆಣದ ಮೇಲೆ ಇಡಬಹುದಾ?

ಹಳೇ ಡ್ರಾಗನ್:
ಹೆಣವಂತೂ ಬೇಡವೇ ಬೇಡ, ಅದೂ ಮಾಯವಾಗುತ್ತದೆ. ವೈಟ್‌ರನ್‌ನ ಬ್ರೀಜ್‌ಹೋಮ್ ಎಂಬ ಮನೆ ಕೊಳ್ಳಿ, 5000 ಚಿನ್ನ. ಸ್ವಂತ ಮನೆಯ ಪೆಟ್ಟಿಗೆ ರೀಸೆಟ್ ಆಗುವುದಿಲ್ಲ. ಒಂದು ಮಾತು: ಮನೆಯ ಅಲಂಕಾರವನ್ನು ಮೊದಲು ಕೊಂಡು, ಆಮೇಲೆ ಸಾಮಾನು ಇಡಿ.

ಗುಹೆಹುಳ:
ಅಷ್ಟು ಚಿನ್ನ ಇಲ್ಲ.

ಹಳೇ ಡ್ರಾಗನ್:
ಹಾಗಾದರೆ ಸದ್ಯಕ್ಕೆ ಗೇಮಿನಲ್ಲಿ ನಿಮ್ಮ ಜೊತೆ ಬರುವ ಲಿಡಿಯಾ ಕೈಗೆ ಕೊಡಿ. ಗೊಣಗುತ್ತಾಳೆ, ಆದರೆ ಹೊರುತ್ತಾಳೆ. ಅವಳು ಸಾಯದಂತೆ ನೋಡಿಕೊಳ್ಳಿ ಅಷ್ಟೇ.