ಮದಗದ ಏರಿಯ ಬುಡದಲ್ಲಿ ಒರತೆ: ಸಿಮೆಂಟ್ ಹಾಕಿ ಮುಚ್ಚಬಹುದಾ?

ಮದಗದ ಮನೆ (ಹೆಬ್ರಿ ಕಡೆ):
ನಮ್ಮ ತೋಟದ ಮೇಲೆ ಅಜ್ಜ ಕಟ್ಟಿಸಿದ ಸಣ್ಣ ಮದಗ (ಕೆರೆ) ಉಂಟು. ಮಣ್ಣಿನ ಏರಿ, 14 ಅಡಿ ಎತ್ತರ. ತೋಟಕ್ಕೆ ಈಗ ಬೋರ್‌ವೆಲ್ ನೀರು ಸಾಕಾಗುತ್ತದೆ. ಮದಗ ಏನಿದ್ದರೂ ಮಕ್ಕಳು ಈಜಲಿಕ್ಕೆ, ದೋಣಿ ಬಿಡಲಿಕ್ಕೆ, ಮೀನು ಸಾಕಲಿಕ್ಕೆ. ಮಳೆ ಹಿಡಿದು ಮೂರು ವಾರ ಆಯ್ತು, ನೀರು ಕೋಡಿಗಿಂತ ಒಂದಡಿ ಕೆಳಗಿದೆ. ನಿನ್ನೆ ಹೊರಬದಿಯ ಬುಡದಲ್ಲಿ ಬೆರಳು ಗಾತ್ರದ ಒರತೆ ಕಂಡೆ. ಸಿಮೆಂಟ್ ಹಾಕಿ ಬಂದ್ ಮಾಡೋಣ ಅಂತಾರೆ ಮೇಸ್ತ್ರಿ. ಕೆಳಗೆ ಎರಡು ಮನೆ ಉಂಟು. ರಾತ್ರಿ ನಿದ್ದೆ ಬರುವುದಿಲ್ಲ. ಏನು ಮಾಡಲಿ?

ಏರಿ-ತೂಬು (ನಿವೃತ್ತ ಇಂಜಿನಿಯರ್, ಉಡುಪಿ):
ಮೊದಲು ಮೇಸ್ತ್ರಿಯನ್ನು ನಿಲ್ಲಿಸಿ ಮಾರಾಯ್ರೇ. ಹೊರಗಿನಿಂದ ಮುಚ್ಚಿದರೆ ನೀರು ಏರಿಯೊಳಗೇ ಒತ್ತಡ ಕಟ್ಟಿಕೊಂಡು ಪಕ್ಕದಲ್ಲಿ ಇನ್ನೊಂದು ದಾರಿ ಮಾಡುತ್ತದೆ.

ಮಣ್ಣಿನ ಏರಿ ಅಂದ ಮೇಲೆ ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ತಿಳಿನೀರು, ಅದೂ ದಿನಾ ಒಂದೇ ಪ್ರಮಾಣದಲ್ಲಿ ಬಂದರೆ ಗಾಬರಿ ಬೇಡ. ಕದಡಿದ ನೀರು ಬಂದರೆ ಮಾತ್ರ ಒಳಗಿನ ಮಣ್ಣು ತೊಳೆದು ಹೋಗುತ್ತಿದೆ ಎಂದರ್ಥ. ಹಾಗೆ ಮಣ್ಣು ಹೋದಲ್ಲಿ ಆಗುವ ಸುರಂಗ ಹೊರಗಿನಿಂದ ಶುರುವಾಗಿ ನೀರಿನ ಕಡೆಗೆ ಬೆಳೆಯುತ್ತದೆ. ನೀರಿಗೆ ತಾಗಿದ ಮೇಲೆ ಕೆಲವೇ ಗಂಟೆಗಳಲ್ಲಿ ಏರಿ ಹೋಗಬಹುದು. ನಮ್ಮ ಕರಾವಳಿಯಲ್ಲಿ ಮುರಕಲ್ಲಿನ ಅಡಿಗೆ ಸಿಗುವ ಶೇಡಿ ಮಣ್ಣು ಬಳಸಿದ್ದರೆ ಇನ್ನೂ ಎಚ್ಚರ ಬೇಕು. ಒಣಗಿದಾಗ ಗಟ್ಟಿ, ನೆನೆದರೆ ಸುಲಭವಾಗಿ ಕೊಚ್ಚಿ ಹೋಗುತ್ತದೆ.

ಗಾಜಿನ ಬಾಟಲಿಯಲ್ಲಿ ಒರತೆ ನೀರು ಹಿಡಿದು ಅಲುಗಾಡಿಸದೆ ಇಡಿ, ತಳದಲ್ಲಿ ಏನು ಕೂರುತ್ತದೆ ನೋಡಿ. 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಬರೆದಿಡಿ. ಏರಿಯೊಳಗೆ ಪೈಪ್ ಏನಾದರೂ ಹಾಕಿದ್ದೀರಾ?

ಮದಗದ ಮನೆ:
ಬಾಟಲಿಯ ತಳದಲ್ಲಿ ಬಿಳಿಗೆಂಪು ಮಣ್ಣು ಕೂತಿದೆ ಸರ್. ಬಕೆಟ್ ನಿನ್ನೆ ಸಂಜೆ 50 ಸೆಕೆಂಡಿಗೆ ತುಂಬಿತ್ತು, ಇವತ್ತು ಬೆಳಿಗ್ಗೆ 35. ಮೂರು ವರ್ಷದ ಹಿಂದೆ ಜೆಸಿಬಿಯಲ್ಲಿ ಏರಿ ಸೀಳಿ 4 ಇಂಚಿನ ಪಿವಿಸಿ ಪೈಪ್ ಹಾಕಿದ್ದೆವು. ಒರತೆ ಅದರ ಪಕ್ಕದಲ್ಲೇ. ವಾಲ್ವ್ ಹೊರಬದಿಗಿದೆ, ತುಕ್ಕು ಹಿಡಿದು ತಿರುಗುವುದಿಲ್ಲ.

ಏರಿ-ತೂಬು:
ಹಾಗಾದರೆ ಕಾಯಬೇಡಿ. ಕೆಳಗಿನ ಎರಡು ಮನೆಯವರು ಇವತ್ತು ರಾತ್ರಿ ಬೇರೆ ಕಡೆ ಮಲಗಲಿ. ಪಂಚಾಯತಿಗೂ 1077ಕ್ಕೂ (ಜಿಲ್ಲಾ ವಿಪತ್ತು ಸಹಾಯವಾಣಿ) ಈಗಲೇ ಫೋನ್ ಮಾಡಿ. ಮಕ್ಕಳನ್ನು ನೀರಿನ ಹತ್ತಿರ ಬಿಡಬೇಡಿ.

ನೀರು ಇಳಿಸಲು ಏರಿಯನ್ನು ಕಡಿಯಬೇಡಿ. ಏರಿಯ ಮೇಲಿಂದ ಎರಡು ಪೈಪ್ ದಾಟಿಸಿ, ಅದರೊಳಗೆ ನೀರು ತುಂಬಿ ಸೈಫನ್ ಮಾಡಿ, ಆಮೇಲೆ ಪಂಪ್ ಇಲ್ಲದೆ ತಾನಾಗಿ ಹರಿಯುತ್ತದೆ. ಹೊರಗಿನ ತುದಿ ಬುಡದಿಂದ ದೂರ, ತೋಡಿಗೇ ಬೀಳಬೇಕು. ಮಾಮೂಲಿ ದಿನಗಳಲ್ಲಿ ದಿನಕ್ಕೆ ಒಂದಡಿಗಿಂತ ಜಾಸ್ತಿ ಇಳಿಸಬಾರದು, ನೆನೆದ ಒಳಬದಿ ಜಾರುತ್ತದೆ. ಆದರೆ ನೀರು ಇನ್ನೂ ಕೆಂಪಾದರೆ ಆ ಲೆಕ್ಕ ಬಿಡಿ, ಬೇಗ ಇಳಿಸಿ.

ಒರತೆಯ ಮೇಲೆ ಮೊದಲು ಒಂದಡಿ ದಪ್ಪಕ್ಕೆ ದಪ್ಪ ಹೊಯಿಗೆ (ಮರಳು), ಅದರ ಮೇಲೆ ಸಣ್ಣ ಜಲ್ಲಿ, ಕೊನೆಗೆ ದೊಡ್ಡ ಜಲ್ಲಿ, ಕಲ್ಲು. ನೀರು ಹೊರಗೆ ಬರಬೇಕು, ಮಣ್ಣು ಒಳಗೇ ಉಳಿಯಬೇಕು. ಟಾರ್ಪಾಲ್ ಹಾಸಬೇಡಿ. ಕೆಲಸ ಮಾಡುವಾಗ ಒಬ್ಬರು ದಡದ ಗಟ್ಟಿ ನೆಲದಲ್ಲಿ ನಿಂತು ಏರಿಯನ್ನೇ ನೋಡುತ್ತಿರಲಿ. ಏರಿಯ ಮೇಲೆ ಕುಸಿತ ಕಂಡರೆ, ಒಳಬದಿಯ ನೀರಿನಲ್ಲಿ ಸುಳಿ ಕಂಡರೆ ಎಲ್ಲ ಬಿಟ್ಟು ಓಡಿ.

ಸಿವಿಲ್ ಪಾಠದವಳು (ಮಂಗಳೂರು):
ಅಣ್ಣ, ಮೀನು ಸಾಕ್ತೀರಿ ಅಂದ್ರಿ. ಕೋಡಿಗೆ ಬಲೆ ಕಟ್ಟಿದ್ದೀರಾ? ಕಟ್ಟಿದ್ದರೆ ಇವತ್ತೇ ತೆಗೆಯಿರಿ. ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುವ ಕಥೆ ಇದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಅಂತ ಒಂದು ಮಣ್ಣಿನ ಅಣೆಕಟ್ಟು ಇತ್ತು. ಮೀನು ಹಿಡಿಯುವ, ಬೇಟೆಯಾಡುವ ಶ್ರೀಮಂತರ ಕ್ಲಬ್ಬಿನದು. ಮೀನು ಹೊರಗೆ ಹೋಗಬಾರದೆಂದು ಕೋಡಿಗೆ ಜಾಲರಿ ಹಾಕಿದ್ದರು. ಗಾಡಿ ಓಡಾಡಲು ಏರಿಯ ಎತ್ತರ ತಗ್ಗಿಸಿದ್ದರು. ತಳದಲ್ಲಿ ನೀರು ಬಿಡುವ ಪೈಪುಗಳನ್ನು ಹಿಂದಿನ ಮಾಲೀಕರೇ ಕಿತ್ತಿದ್ದರು, ಕ್ಲಬ್ಬಿನವರು ಮತ್ತೆ ಹಾಕಲಿಲ್ಲ. 1889ರ ಮೇ 31ರಂದು ಜೋರು ಮಳೆಗೆ ಜಾಲರಿಯಲ್ಲಿ ಕಸ ಸಿಕ್ಕಿಕೊಂಡು, ನೀರು ಏರಿಯ ಮೇಲೆ ಹರಿದು ಒಡೆಯಿತು. ಕೆಳಗಿನ ಜಾನ್ಸ್‌ಟೌನಿನಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು. ನಿಮ್ಮದು ತುಂಬಾ ಸಣ್ಣದು, ನಿಜ. ಆದರೆ ಎರಡು ಮನೆಗೆ ಅಷ್ಟು ನೀರು ಸಾಕಲ್ವಾ?

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 10 ಮೀಟರಿಗಿಂತ ಕೆಳಗಿನ ಕಟ್ಟಗಳಿಗೆ ಬರುವುದಿಲ್ಲ. ಯಾರೋ ಬಂದು ತಪಾಸಣೆ ಮಾಡ್ತಾರೆ ಅಂತ ಕಾಯಬೇಡಿ. ನೀವೇ ನೋಡಬೇಕು.

ಮದಗದ ಮನೆ:
ಬಲೆ ಇತ್ತು. ಅರ್ಧದಷ್ಟು ಭಾಗಕ್ಕೆ ಅಡಿಕೆ ಸೋಗೆ ತುಂಬಿಕೊಂಡಿತ್ತು. ನೋಡಿ ಕೈ ನಡುಗಿತು. ಕಿತ್ತು ಹಾಕಿದೆ.

ಮದಗದ ಮನೆ (ನಾಲ್ಕು ದಿನದ ನಂತರ):
ನೀರು ಐದಡಿ ಇಳಿದಿದೆ. ಬಕೆಟ್ ತುಂಬಲು ಈಗ 90 ಸೆಕೆಂಡ್. ಬಾಟಲಿಯ ತಳದಲ್ಲಿ ಎರಡು ದಿನದಿಂದ ಏನೂ ಕೂತಿಲ್ಲ. ಕೆಳಗಿನ ಮನೆಯವರು ಇನ್ನೂ ನಮ್ಮಲ್ಲೇ ಇದ್ದಾರೆ. ಸರ್, ಆ ಪೈಪ್ ಈಗಲೇ ತೆಗೆಯಲಾ?

ಏರಿ-ತೂಬು:
ಮಳೆಗಾಲದಲ್ಲಿ ಮುಟ್ಟಲೇಬೇಡಿ. ಸೈಫನ್ ಇರಲಿ, ನೀರು ಇದೇ ಮಟ್ಟದಲ್ಲಿ ನಿಲ್ಲಲಿ. ದೀಪಾವಳಿ ಕಳೆದು ಮದಗ ಖಾಲಿ ಮಾಡಿ, ಏರಿಯನ್ನು ಇಳಿಜಾರಾಗಿ ಅಗಲಕ್ಕೆ ತೆರೆಯಿರಿ. ಗುಂಡಗಿನ ಪೈಪಿನ ಅಡಿಯಲ್ಲಿ ಮಣ್ಣು ಸರಿಯಾಗಿ ಅದುಮಲಾಗುವುದಿಲ್ಲ, ನೀರು ಅಲ್ಲೇ ದಾರಿ ಹಿಡಿದದ್ದು. ಹೊರಗಿನ ವಾಲ್ವಿನಿಂದಾಗಿ ಏರಿಯೊಳಗಿನ ಪೈಪಿನಲ್ಲಿ ಸದಾ ಒತ್ತಡ ಬೇರೆ. ಪೈಪ್ ಬೇಡವಾದರೆ ತೆಗೆದುಬಿಡಿ. ಬೇಕಿದ್ದರೆ ವಾಲ್ವ್ ನೀರಿನ ಬದಿಗಿರಲಿ, ಹೊರಬದಿಯ ಭಾಗದಲ್ಲಿ ಪೈಪಿನ ಸುತ್ತ ಹೊಯಿಗೆಯ ಪಟ್ಟಿ ಕೊಡಿ. ಮಣ್ಣನ್ನು 6 ಇಂಚಿನ ಪದರಗಳಲ್ಲಿ, ಹದವಾದ ತೇವದಲ್ಲಿ ಅದುಮಿ. ಯಾವ ಮಣ್ಣು ಅಂತ ನಾನೇ ಬಂದು ನೋಡುತ್ತೇನೆ. ತೆರೆಯುವ ಒಂದು ವಾರ ಮೊದಲು ಇಲ್ಲಿ ಬರೆಯಿರಿ.